ಬಾಲಪೀಡನೆಯ ಗುರುತು ಮತ್ತು ಪೋಲೀಸು ತರಬೇತು
ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಗೆ ಸೇರಿದುವು. ರೇಷ್ಮೆ ಈ ಸೀಮೆಯ ಹಳೆಯ ಜೀವನೋಪಾಯ. ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಗೂಡಿನ ಎಳೆಯನ್ನು ಬೆರಳಿನಿಂದಲೇ ಹುಡುಕುತ್ತಿದ್ದರು. ಕರ್ನಾಟಕದಲ್ಲಿ ಸಾಲಕ್ಕೆ ಒತ್ತೆಯಿದ್ದ ಮಕ್ಕಳ ಕೈಗಳೂ ಹೀಗೆ ಬೆಂದುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿಮಾಡಿತು. ಆ ಬೊಬ್ಬೆಯನ್ನು ಕಸುಬಿನ ಗುರುತೆಂದು ಬಗೆಯದೆ ಅಪರಾಧದ ಸಾಕ್ಷ್ಯವೆಂದು ಕಾಣುವ ಕಣ್ಣು ಪೋಲೀಸರಿಗೆ ತಾನಾಗಿ ಬರುವಂಥದಲ್ಲವೆಂದು ನಾವು ಭಾವಿಸುತ್ತೇವೆ.

2000ದ ಬಾಲನ್ಯಾಯ ಶಾಸನವು ಪ್ರತಿ ಠಾಣೆಯಲ್ಲಿಯೂ ತಕ್ಕ ತರಬೇತು ಪಡೆದ ಒಬ್ಬ ಅಧಿಕಾರಿಯಾದರೂ ಇರಬೇಕೆಂದು ವಿಧಿಸಿತು. ಲೈಂಗಿಕ ಅಪರಾಧಗಳನ್ನು ಕುರಿತ 2012ರ ಪೋಕ್ಸೊ ಶಾಸನ ಇನ್ನೂ ಸೂಕ್ಷ್ಮವಾದುದು: ಮಗುವಿನ ಹೇಳಿಕೆ ಪಡೆಯುವಾಗ ಅಧಿಕಾರಿ ಸಮವಸ್ತ್ರ ಧರಿಸಿರಕೂಡದು, ಮಗುವನ್ನು ರಾತ್ರಿ ಠಾಣೆಯಲ್ಲಿರಿಸಕೂಡದು. ರೇಷ್ಮೆ ಘಟಕದಿಂದ ಬಿಡಿಸಿತಂದ ಮಗುವಿಗೆ ಖಾಕಿಯ ಭಯವೇನು ಕಡಮೆಯೆ?