ತಪ್ಪಿಲ್ಲದ ಲೆಕ್ಕದ ಎದುರು: ‘ಮ್ಯಾಚ್ಡ್’ ಕಾದಂಬರಿಯಲ್ಲಿ ಪ್ರೇಮ, ಪ್ರಭುತ್ವ ಮತ್ತು ಆಯ್ಕೆ

ಹದಿಹರೆಯದವರಿಗಾಗಿ ಬರೆದ ಡಿಸ್ಟೋಪಿಯನ್ ಪ್ರೇಮಕಾದಂಬರಿಗಳನ್ನು ಓದುವಾಗ ಒಂದು ಸುಲಭದ ಸಮೀಕರಣ ನಮ್ಮನ್ನು ಸೆಳೆಯುತ್ತದೆ: ಪ್ರಭುತ್ವ ಪ್ರೇಮವನ್ನು ತಡೆಯುತ್ತದೆ, ಆದ್ದರಿಂದ ಪ್ರೇಮವೇ ಬಂಡಾಯ. ಲೋಯಿಸ್ ಲೌರಿ ಅವರ ‘ದಿ ಗಿವರ್’ (1993), ಲಾರೆನ್ ಆಲಿವರ್ ಅವರ ‘ಡೆಲಿರಿಯಮ್’ (2011) ಕೃತಿಗಳ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ. ಮೊದಲನೆಯದರಲ್ಲಿ ಮೈಯ ಬಯಕೆ ಚಿಗುರಿದ ಕೂಡಲೇ ದಿನಕ್ಕೊಂದು ಗುಳಿಗೆ ಶುರುವಾಗುತ್ತದೆ. ಎರಡನೆಯದರಲ್ಲಿ ಪ್ರೇಮವೆಂಬುದು ರೋಗ, 18 ತುಂಬಿದವರಿಗೆ ಶಸ್ತ್ರಚಿಕಿತ್ಸೆಯೇ ಮದ್ದು. ಆಲಿ ಕಾಂಡಿ ಅವರ ‘ಮ್ಯಾಚ್ಡ್’ (2010) ಮಾತ್ರ ಈ ಸಮೀಕರಣಕ್ಕೆ ಒಗ್ಗುವುದಿಲ್ಲ. ಅಲ್ಲಿನ ಪ್ರಭುತ್ವವಾದ ‘ಸೊಸೈಟಿ’ ಪ್ರೇಮವನ್ನು ನಿಷೇಧಿಸುವುದಿಲ್ಲ, ತಾನೇ ಒದಗಿಸುತ್ತದೆ.

ಒದಗಿಸುವ ಪ್ರಭುತ್ವ ಹೊಸದೇನಲ್ಲ. ರಷ್ಯಾದ ಜಮ್ಯಾತಿನ್ ಅವರ ‘ನಾವು’ ಕಾದಂಬರಿಯಲ್ಲಿ (ಇಂಗ್ಲಿಷ್ ಅನುವಾದ 1924) ಗುಲಾಬಿ ಚೀಟಿ ತೋರಿಸಿದರೆ ಸಂಗಕ್ಕೆ ಅನುಮತಿ ಸಿಗುತ್ತದೆ. ಆದರೆ ಅಲ್ಲಿ ಹಂಚಿಕೆಯಾಗುವುದು ಮೈ. ಕಾಂಡಿಯವರ ಸೊಸೈಟಿಗೆ ಮನಸ್ಸೂ ಬೇಕು.

ತನ್ನ 17ನೆಯ ಹುಟ್ಟುಹಬ್ಬದಂದು ನಡೆಯುವ, ಜೋಡಿ ಗೊತ್ತುಮಾಡುವ ಔತಣದಲ್ಲಿ ನಾಯಕಿ ಕ್ಯಾಸಿಯಾಗೆ ಜೋಡಿಯಾಗಿ ಗೊತ್ತಾಗುವವನು ಬಾಲ್ಯದ ಗೆಳೆಯ ಜ್ಯಾಂಡರ್. ಮನೆಗೆ ಬಂದು ಮಾಹಿತಿಯ ಕಾರ್ಡನ್ನು ತೆರೆದರೆ ಕ್ಷಣಮಾತ್ರ ಕಾಣಿಸುವುದು ಇನ್ನೊಬ್ಬ ಹುಡುಗ ಕಾಯ್‌ನ ಮುಖ. ಅಪ್ಪನ ಅಪರಾಧದಿಂದ ಕಳಂಕಿತನಾದ ಅವನಿಗೆ ಜೋಡಿ ಪಡೆಯುವ ಹಕ್ಕೇ ಇಲ್ಲ. ಕತೆ ಹೊರಡುವುದು ಇಲ್ಲಿಂದ. ನನ್ನ ಗಮನವಿರುವುದು ಜ್ಯಾಂಡರ್‌ನ ಮೇಲೆ. ಅವನು ಒಳ್ಳೆಯವನು, ಅವಳನ್ನು ನಿಜಕ್ಕೂ ಪ್ರೀತಿಸುವವನು. ಅಂದರೆ ಜೋಡಿ ಕೂಡಿಸಿದ ಸೊಸೈಟಿಯ ಯಂತ್ರದ ಲೆಕ್ಕ ತಪ್ಪಿಲ್ಲ. ಅವನನ್ನು ಕ್ರೂರಿಯಾಗಿಸಿದ್ದರೆ ಕ್ಯಾಸಿಯಾಳ ದಾರಿ ಸಲೀಸಾಗುತ್ತಿತ್ತು, ಕಾದಂಬರಿ ಸಾಧಾರಣವಾಗುತ್ತಿತ್ತು. ಈಗ ಅವಳು ತಕರಾರು ತೆಗೆಯಬೇಕಿರುವುದು ಫಲಿತಾಂಶದ ಬಗ್ಗೆ ಅಲ್ಲ, ತನ್ನ ಪರವಾಗಿ ಲೆಕ್ಕ ಹಾಕಿದವರ ಅಧಿಕಾರದ ಬಗ್ಗೆ. ಜಾತಕ, ಗೋತ್ರ, ಅಂತಸ್ತು ನೋಡಿ ಹಿರಿಯರು ಕೂಡಿಸಿದ ಸಂಬಂಧಗಳು ಎಷ್ಟೋ ಸಲ ಚೆನ್ನಾಗಿಯೇ ಬಾಳಿದ್ದನ್ನು ಕಂಡ ಕನ್ನಡದ ಓದುಗರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಯ್‌ನೊಡನೆ ಬೆಳೆಯುವ ಒಲವಿನ ಸ್ವರೂಪವೂ ಗಮನಾರ್ಹ. ಸೊಸೈಟಿ ನೂರು ಕವಿತೆ, ನೂರು ಹಾಡು, ನೂರು ಚಿತ್ರಗಳನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಅಳಿಸಿದೆ. ಜನ ಕೀಲಿ ಒತ್ತಬಲ್ಲರು, ಕೈಯಾರೆ ಒಂದಕ್ಷರ ಬರೆಯಲಾರರು. 80 ತುಂಬಿದ ದಿನವೇ ಸಾಯಬೇಕಾದ ಅಜ್ಜ ಮೊಮ್ಮಗಳಿಗೆ ಗುಟ್ಟಾಗಿ ಬಿಟ್ಟುಹೋಗುವುದು ಆ ನೂರರಾಚೆಯ ಕವಿತೆಗಳನ್ನು. ಕಾಯ್ ಅವಳಿಗೆ ಕಡ್ಡಿಯಿಂದ ಮಣ್ಣಿನ ಮೇಲೆ ಬರೆಯುವುದನ್ನು ಕಲಿಸುತ್ತಾನೆ. ತನ್ನ ಹಿಂದಿನ ಕತೆಯನ್ನು ಕೈವಸ್ತ್ರಗಳ ಮೇಲೆ ಚಿತ್ರಿಸಿ ಕೊಡುತ್ತಾನೆ. ಈ ಪ್ರೇಮದಲ್ಲಿ ಮುತ್ತಿಗಿಂತ ಅಕ್ಷರಾಭ್ಯಾಸಕ್ಕೇ ಹೆಚ್ಚು ಜಾಗ. ಇದು ಸಂಕೋಚದ ಬರವಣಿಗೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೂ, ಆಯ್ಕೆ ಮಾಡಬೇಕಾದವಳಿಗೆ ಮೊದಲು ತನ್ನದೇ ಮಾತು ಬೇಕು ಎಂಬ ತರ್ಕ ಇದರ ಹಿಂದಿದೆ.

ಹಾಗೆಂದು ಕ್ಯಾಸಿಯಾ ನಿರ್ದೋಷಿಯಲ್ಲ. ಅವಳ ವೃತ್ತಿಯೇ ದತ್ತಾಂಶಗಳ ವಿಂಗಡಣೆ. ಅಧಿಕಾರಿಗಳು ಅವಳನ್ನು ಒಂದು ಕೆಲಸದ ಜಾಗಕ್ಕೆ ಕರೆದೊಯ್ದು, ಎದುರಿಗೇ ದುಡಿಯುತ್ತಿರುವ ಆಳುಗಳನ್ನು ಎರಡು ಗುಂಪಾಗಿ ಬೇರ್ಪಡಿಸಲು ಹೇಳುತ್ತಾರೆ. ಆ ಆಳುಗಳಲ್ಲಿ ಕಾಯ್ ಕೂಡ ಇದ್ದಾನೆ. ತನ್ನ ಮೇಲೆ ನಡೆದದ್ದನ್ನೇ ಅವಳೀಗ ಇತರರ ಮೇಲೆ ನಡೆಸಬೇಕು. ನನ್ನ ದೃಷ್ಟಿಯಲ್ಲಿ ಕಾದಂಬರಿಯ ತಿರುಳು ಈ ಸನ್ನಿವೇಶ, ತ್ರಿಕೋನ ಪ್ರೇಮವಲ್ಲ. ಇಂಥದೇ ಇಕ್ಕಟ್ಟಿನಲ್ಲಿ, ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕೃತಿಯ ನಾಯಕಿ ಕ್ಯಾಟ್ನಿಸ್ ಬದುಕಿ ಉಳಿಯಲು ಕ್ಯಾಮೆರಾ ಮುಂದೆ ಪ್ರೇಮವನ್ನು ನಟಿಸುತ್ತಾಳೆ. ವ್ಯವಸ್ಥೆಯನ್ನು ಬಳಸಿಕೊಳ್ಳುತ್ತಲೇ ಅದರ ಪಾಲುದಾರಳಾಗುವ ಈ ನಾಯಕಿಯರು ‘ಡೆಲಿರಿಯಮ್’ನ ನಾಯಕಿ ಲೀನಾಳಿಗಿಂತ ಜಟಿಲರು.

ತೊಡಕಿರುವುದು ಮುಂದೆ. ಕ್ಯಾಸಿಯಾಳ ಮುಂದಿರುವ ಹುಡುಗರು ಇಬ್ಬರೇ, ಇಬ್ಬರ ಮುಖವೂ ಅವಳಿಗೆ ಜೋಡಿಯಾಗಿ ಕಂಡದ್ದು ಸೊಸೈಟಿಯ ಪರದೆಯಲ್ಲಿ. ಕಾಯ್‌ನನ್ನು ತಾವೇ ಪ್ರಯೋಗಕ್ಕೆಂದು ಜೋಡಿಯ ಪಟ್ಟಿಗೆ ಸೇರಿಸಿದ್ದೆವು ಎಂಬರ್ಥದ ಮಾತನ್ನು ಅಧಿಕಾರಿಣಿಯೊಬ್ಬಳು ಆಡಿದಾಗ, ಪ್ರೇಮ ತನ್ನದೋ ವ್ಯವಸ್ಥೆಯದೋ ಎಂಬ ಅನುಮಾನ ಏಳುತ್ತದೆ. ಈ ಅನುಮಾನವನ್ನು ಕೊನೆಯವರೆಗೂ ಹಿಂಬಾಲಿಸಿದ್ದರೆ ‘ಮ್ಯಾಚ್ಡ್’ನಿಂದ ಶುರುವಾಗುವ ತ್ರಿವಳಿಗೆ ಬೇರೆಯದೇ ತೂಕ ಬರುತ್ತಿತ್ತು. ಆದರೆ ಎರಡನೆಯ ಭಾಗ ‘ಕ್ರಾಸ್ಡ್’ (2011) ಕಣಿವೆಗಳ ಅಲೆದಾಟಕ್ಕೆ ಇಳಿಯುತ್ತದೆ. ಕೊನೆಯ ಭಾಗವಾದ ‘ರೀಚ್ಡ್’ (2012) ಕೃತಿಯಲ್ಲಿ ಸಾಂಕ್ರಾಮಿಕ ರೋಗ ಮತ್ತು ಅದರ ಮದ್ದಿನ ಹುಡುಕಾಟ ಮುನ್ನೆಲೆಗೆ ಬರುತ್ತವೆ. ಜೋಡಿ ಕೂಡಿಸುವ ಹಕ್ಕು ಯಾರದೆಂಬ ತಕರಾರು, ರೋಗಿಗಳ ಸಾಲಿನ ನಡುವೆ, ಕ್ಯಾಸಿಯಾ ಯಾರೊಡನೆ ಉಳಿಯುತ್ತಾಳೆ ಎಂಬ ಕುತೂಹಲದ ಮಟ್ಟಕ್ಕೆ ಕುಗ್ಗುತ್ತದೆ.