ಶಾನುಭೋಗಿಕೆ (ಮಲೆಬೆನ್ನೂರು–ಹರಿಹರ ಸೀಮೆ)

ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಜಮೀನು ಮತ್ತು ಕಂದಾಯದ ಲೆಕ್ಕ ಇಡುತ್ತಿದ್ದ, ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ. ಇಂದು ದಾವಣಗೆರೆ ಜಿಲ್ಲೆಗೆ ಸೇರಿದ ಮಲೆಬೆನ್ನೂರಿನ ಸುತ್ತ ಅದು 1963ರವರೆಗೆ ನಡೆಯಿತು. ಈ ಸೀಮೆ ಸಂಸ್ಥಾನದ ಅಂಚು. ಹೊಳೆಯಾಚೆ ರಾಣೆಬೆನ್ನೂರಿನ ಕಡೆ ಮುಂಬಯಿ ಪ್ರಾಂತ, ಅಲ್ಲಿ ಇದೇ ಕೆಲಸ ಕುಲಕರ್ಣಿಯದು. ಹರಪನಹಳ್ಳಿಯ ಕಡೆ ಮದ್ರಾಸು ಪ್ರಾಂತ, ಅಲ್ಲಿ ಕರಣಂನದು.

ಊರಿಗೆ ಯಜಮಾನ ಪಟೇಲ. ವಸೂಲಿ, ಕಾವಲು, ಸಣ್ಣಪುಟ್ಟ ಪಂಚಾಯಿತಿ ಅವನ ಪಾಲು. ಆದರೆ ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು ಎಂಬುದೆಲ್ಲ ಶಾನುಭೋಗರ ಕಡತದಲ್ಲಿ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸಿದರೆ ಹೋಗುವ ಬರಹವೇ ರೈತನ ಹಕ್ಕಿಗೆ ಆಧಾರವೆಂದ ಮೇಲೆ ಹುದ್ದೆಯ ಬಲ ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಪ್ರತಿಫಲ ಬಹುಪಾಲು ಇನಾಂ ಜಮೀನು ಮತ್ತು ಸುಗ್ಗಿಯಲ್ಲಿ ಕಣದಿಂದ ಬರುವ ಆಯ. ಮುಂದೆ ಪೋಟಗಿಯೆಂಬ ನಗದೂ ಸೇರಿತು.

ನಗರ ದಂಗೆಯ ಬೆನ್ನಿಗೆ 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದಾಗ ತಾಲೂಕಿನ ಮೇಲ್ವಿಚಾರಣೆ ಬಿಗಿಯಾಯಿತು, ಊರಿನ ಲೆಕ್ಕ ಮಾತ್ರ ಹಳೆಯ ಮನೆತನಗಳಲ್ಲೇ ಉಳಿಯಿತು. ನಿಜವಾದ ಪೆಟ್ಟು ಕೊಟ್ಟದ್ದು ಕಮಿಷನರ್ ಬೌರಿಂಗ್ ಕಾಲದಲ್ಲಿ, 1863ರಲ್ಲಿ, ಮುಂಬಯಿ ಪದ್ಧತಿಯಂತೆ ಶುರುವಾದ ಸರ್ವೆ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದಗಲ ಒಂದೊಂದು ಸರಪಳಿಯಾದರೆ ಗುಂಟೆ, 40 ಗುಂಟೆಗೆ ಎಕರೆ. ಹೊಲಕ್ಕೊಂದು ನಂಬರು, ಮೂಲೆಗೆ ಬಾಂದುಕಲ್ಲು. ಶಾನುಭೋಗರ ನೆನಪಿನಲ್ಲಿದ್ದ ಎಲ್ಲೆ ಈಗ ನೆಲದ ಮೇಲೂ ಸರ್ಕಾರದ ನಕ್ಷೆಯಲ್ಲೂ ಬಂತು. ವರ್ಷವರ್ಷದ ಜಮಾಬಂದಿಯಲ್ಲಿ ಲೆಕ್ಕ ಒಪ್ಪಿಸಬೇಕಾಯಿತು.

ಹುದ್ದೆ ಯಾರ ಹೆಸರಿನಲ್ಲಿತ್ತೋ ಅವರೇ ಬರೆಯುತ್ತಿದ್ದರೆಂದು ತಿಳಿಯಬೇಕಿಲ್ಲ. ಎಸ್‌.ಎಲ್‌. ಭೈರಪ್ಪನವರ ‘ಗೃಹಭಂಗ’ದಲ್ಲಿ ಗಂಡನ ಶಾನುಭೋಗಿಕೆಯ ಲೆಕ್ಕ ಬರೆಯುವವಳು ನಂಜಮ್ಮ. ಕಥೆ ತಿಪಟೂರು–ಚನ್ನರಾಯಪಟ್ಟಣದ ಕಡೆಯದಾದರೂ ಈ ಹುದ್ದೆಯ ಒಳಮನೆಯನ್ನು ಯಾವ ಗೆಜೆಟಿಯರಿಗಿಂತಲೂ ಚೆನ್ನಾಗಿ ತೋರಿಸುತ್ತದೆ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆ ಎರಡೂ ಕೊನೆಗೊಂಡವು. ಸಂಬಳದ ಗ್ರಾಮಲೆಕ್ಕಿಗರು ಬಂದರು. ಇನಾಂ ಜಮೀನನ್ನು ಸರ್ಕಾರ ವಶಕ್ಕೆ ಪಡೆದು, ಹಣ ಕಟ್ಟಿಸಿಕೊಂಡು ಹಳೆಯ ಹಿಡುವಳಿದಾರರಿಗೇ ಮರುಮಂಜೂರು ಮಾಡಲು ಅವಕಾಶವಿತ್ತು. 1978ರ ತಿದ್ದುಪಡಿ ಅಂಥ ಜಮೀನಿನ ಪರಭಾರೆಗೆ ನಿರ್ಬಂಧ ಹೇರಿತು. ಅದರ ತಕರಾರುಗಳು ಹೈಕೋರ್ಟಿನವರೆಗೂ ಹೋಗಿವೆ.