ಮುಡುಕುತೊರೆಯ ಎತ್ತು, ಕಾಡುದಾರಿಯ ಜೀಪು

ಮುಡುಕು ಎಂದರೆ ತಿರುವು, ತೊರೆ ಎಂದರೆ ಹೊಳೆ. ತಿ. ನರಸೀಪುರ ತಾಲ್ಲೂಕಿನಲ್ಲಿ ತಲಕಾಡಿಗೆ ಸಮೀಪ ಕಾವೇರಿ ಒಂದು ಬೆಟ್ಟದ ಬುಡದಲ್ಲಿ ಹೊರಳಿಕೊಳ್ಳುವ ಜಾಗವೇ ಮುಡುಕುತೊರೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಗುಡಿ. ತಲಕಾಡಿನ ಪಂಚಲಿಂಗ ದರ್ಶನದಲ್ಲಿ ಇದೂ ಒಂದು. ವರ್ಷವರ್ಷವೂ ಚಳಿಗಾಲದ ಕೊನೆಗೆ ಇಲ್ಲಿ ನಡೆಯುವ ಜಾತ್ರೆಗೆ ಭಕ್ತರಷ್ಟೇ ಅಲ್ಲ, ಎತ್ತುಗಳೂ ಬರುತ್ತವೆ. ಹಳೇ ಮೈಸೂರು ಸೀಮೆಯ ಹೆಸರಾದ ದನಗಳ ಜಾತ್ರೆಗಳಲ್ಲಿ ಇದು ಒಂದು.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಬೇಕು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ ಎಂಬುದರಿಂದ ವಯಸ್ಸು ತಿಳಿಯುತ್ತದೆ. ಆಮೇಲೆ ಸುಳಿ ನೋಡುತ್ತಾನೆ. ಗೊರಸು ತಟ್ಟುತ್ತಾನೆ. ಕೊನೆಗೆ ‘ನಡೆಸಿ ತೋರಿಸಪ್ಪಾ’ ಎನ್ನುತ್ತಾನೆ. ಇಷ್ಟಾದ ಮೇಲೆ ದಳ್ಳಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ವ್ಯಾಪಾರ ಕುದುರಿತೆಂದರೆ ಜೋಡಿ ಹೊಸ ಮನೆಗೆ ಹೊರಡುತ್ತದೆ. ಹಿಂದೆ ನಡೆದೇ ಹೋಗುತ್ತಿತ್ತು. ಈಗ ಪಿಕಪ್ ವಾಹನದ ಹಿಂಭಾಗದಲ್ಲಿ ಹುಲ್ಲು ಹಾಸಿಕೊಂಡು ನಿಂತು ಹೋಗುತ್ತದೆ. ಗಾಡಿ ಎಳೆಯಬೇಕಾದ ಎತ್ತನ್ನು ಗಾಡಿಯೇ ಹೊತ್ತೊಯ್ಯುವ ಈ ದೃಶ್ಯದಲ್ಲಿ ಮುನ್ನೂರು ವರ್ಷದ ಇತಿಹಾಸವಿದೆ.

ಕೆಟ್ಟ ದಾರಿಗೆ, ಕಾಡಿಗೆ, ಬೇಟೆಗೆ ಯಾವ ವಾಹನ ಒಳ್ಳೆಯದು? ಅಮೆರಿಕದಂಥ ದೇಶಗಳಲ್ಲಿ, ಲೈಸೆನ್ಸು ಪಡೆದು ಋತುವಿಗೆ ತಕ್ಕಂತೆ ಬೇಟೆಯಾಡುವವರ ನಡುವೆ ಇದು ಇಂದಿಗೂ ಮುಗಿಯದ ಚರ್ಚೆ. ನಮ್ಮಲ್ಲಿ ಬೇಟೆಯ ಬಾಗಿಲು ಮುಚ್ಚಿದೆ. ಆದರೆ ಆ ಬಾಗಿಲು ಏಕೆ ಮುಚ್ಚಬೇಕಾಯಿತು ಎಂಬುದಕ್ಕೂ ವಾಹನಕ್ಕೂ ನಾವು ಎಣಿಸುವುದಕ್ಕಿಂತ ಹತ್ತಿರದ ನಂಟಿದೆ.

ಎತ್ತೇ ಎಂಜಿನು

ಮೈಸೂರಿನ ಅರಸರಿಗೆ ಒಳ್ಳೆಯ ಎತ್ತು ಎಂದರೆ ರಾಜ್ಯದ ಬಲವೇ ಆಗಿತ್ತು. ಚಿಕ್ಕದೇವರಾಜ ಒಡೆಯರ (1673–1704) ಕಾಲಕ್ಕೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿ ಅರಮನೆಯ ದನಗಳ ಇಲಾಖೆಯಿತ್ತು. ಹೆಸರು ಬೆಣ್ಣೆಯದಾದರೂ ಅದರ ನಿಜವಾದ ಬೆಲೆ ತಿಳಿದದ್ದು ಹೈದರಾಲಿಗೆ. ಆ ಹಿಂಡನ್ನು ಅವನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಸುಲ್ತಾನ್ ಇಲಾಖೆಗೆ ‘ಅಮೃತಮಹಲ್’ ಎಂದು ಹೆಸರಿಟ್ಟು ನಿಯಮಗಳನ್ನು ಮಾಡಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳು ಸೇರಿ ಆದ ಹಿಂಡು ಅದು.

ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದೂ, ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳಲ್ಲಿ ದಕ್ಷಿಣ ಭಾರತವನ್ನು ಅಡ್ಡಲಾಗಿ ದಾಟಿದನೆಂದೂ, ಇದಕ್ಕೆಲ್ಲ ಈ ಎತ್ತುಗಳೇ ಕಾರಣವೆಂದೂ ಮೈಸೂರಿನ ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿ, ಸ್ಪೇನಿನ ಯುದ್ಧಭೂಮಿಯಲ್ಲಿ ನಿಂತು ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಕೊರಗುತ್ತಿದ್ದನೆಂಬ ಮಾತೂ ಅಲ್ಲೇ ಇದೆ. ಇದರ ಬೆಲೆ ಅರಿಯದ ಮದರಾಸು ಸರ್ಕಾರ 1860ರಲ್ಲಿ ಉಳಿತಾಯದ ನೆಪದಲ್ಲಿ ಹಿಂಡನ್ನು ಒಡೆಯಿತು. ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ಕಟ್ಟಿತು.

ಈ ಎತ್ತಿನಲ್ಲಿ ಸೈನ್ಯ ಕಂಡ ಗುಣ ಯಾವುದು? ಬರೀ ಬಲವಲ್ಲ. ಭಾರ ಎಳೆಯುವ ದೊಡ್ಡ ದನ ಬೇರೆ ಕಡೆಯೂ ಇತ್ತು. ಹಳ್ಳಿಕಾರ್ ಎತ್ತು ಹಗುರ ಮೈಯದು, ಬಿರುಸು ನಡೆಯದು, ಗಟ್ಟಿ ಗೊರಸಿನದು. ಕಲ್ಲುದಾರಿಯಲ್ಲಿ ಕಾಲು ಕೆಡದು, ಬಡ ಮೇವಿನಲ್ಲೂ ಸೋಲದು. ದಾರಿಯಿಲ್ಲದ ಕಡೆ ಬೇಕಾಗುವುದು ಹಗುರ ದೇಹ, ಗಟ್ಟಿ ಕಾಲು, ಕಡಿಮೆ ಆಹಾರ. ಈ ಮೂರನ್ನು ನೆನಪಿಡೋಣ; ಜೀಪಿನ ಕಥೆಯಲ್ಲಿ ಇದೇ ಮೂರು ಮತ್ತೆ ಬರುತ್ತವೆ. ಕೇಂದ್ರ ಸರ್ಕಾರ 2000ದಲ್ಲಿ ಹಳ್ಳಿಕಾರ್ ತಳಿಯ ಅಂಚೆಚೀಟಿಯನ್ನೇ ಹೊರತಂದಿತು.

ಗಾಡಿಯ ಮರೆಯ ಬೇಟೆ

ಬೇಟೆಗೂ ಎತ್ತಿನಗಾಡಿಯೇ ವಾಹನ. ಡೇರೆ, ಅಕ್ಕಿಮೂಟೆ, ಮದ್ದುಗುಂಡು ಹೇರಿಕೊಂಡು ಗಾಡಿಗಳು ಮುಂಚಿತವಾಗಿ ಹೊರಡುತ್ತಿದ್ದವು. ಚಾಮರಾಜನಗರದ ಸುತ್ತಣ ಕಾಡುಗಳಲ್ಲಿ ಓಡಾಡಿ, ಮೈಸೂರಿನಲ್ಲಿ ಆನೆಗಳ ಖೆಡ್ಡಾವನ್ನು ಬೆಳೆಸಿದ ಸ್ಯಾಂಡರ್ಸನ್ 1878ರಲ್ಲಿ ತನ್ನ ಹದಿಮೂರು ವರ್ಷದ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಆಗ ನಂಜನಗೂಡಿಗೆ ರೈಲು ಬಂದಿರಲಿಲ್ಲ. ಮೈಸೂರು–ನಂಜನಗೂಡು ರೈಲು ಓಡಿದ್ದು 1891ರಲ್ಲಿ, ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆ ದಾಟಿದರೆ ಮುಂದೆ ಗುಂಡ್ಲುಪೇಟೆ, ಬಂಡೀಪುರ, ನೀಲಗಿರಿಗಳ ಕಡೆಗೆ ಗಾಡಿಯ ಜಾಡೇ ಗತಿ.

ಗಾಡಿ ಬೇಟೆಗೆ ಇನ್ನೊಂದು ವಿಧದಲ್ಲೂ ಒದಗುತ್ತಿತ್ತು. ಬಯಲಿನ ಕೃಷ್ಣಮೃಗ ಮನುಷ್ಯನನ್ನು ಕಂಡರೆ ಚಿಮ್ಮಿ ಓಡುತ್ತದೆ. ಆದರೆ ದಿನವೂ ಹೊಲದಲ್ಲಿ ಕಾಣುವ ಎತ್ತಿನಗಾಡಿಗೆ ಅಷ್ಟಾಗಿ ಬೆದರುವುದಿಲ್ಲ. ಬೇಟೆಗಾರರು ಗಾಡಿಯ ಮರೆಯಲ್ಲಿ ನಡೆದು ಹತ್ತಿರ ಸೇರುತ್ತಿದ್ದರು. ಪಳಗಿಸಿದ ಚೀತಾ, ಅಂದರೆ ನಮ್ಮ ಹಳಬರ ಸಿವಂಗಿಯನ್ನು, ಕಣ್ಣಿಗೆ ಬಟ್ಟೆ ಕಟ್ಟಿ ಗಾಡಿಯ ಮೇಲೆ ಕೂರಿಸಿ ಜಿಂಕೆಗಳ ಬಳಿ ಒಯ್ದು ಬಿಡುವುದು ದೇಶದ ಅನೇಕ ಆಸ್ಥಾನಗಳ ಪದ್ಧತಿ. ಟಿಪ್ಪುವಿನಲ್ಲೂ ಇಂಥ ಚೀತಾಗಳಿದ್ದವು.

ಆದರೂ ಎತ್ತಿನಗಾಡಿಯ ಬೇಟೆಗೆ ಒಂದು ಮಿತಿಯಿತ್ತು. ಎತ್ತು ದಣಿಯುತ್ತದೆ. ಸಂಜೆಗೆ ನೊಗ ಕಳಚಿ ಮೇವು ಹಾಕಬೇಕು, ನೀರು ತೋರಿಸಬೇಕು. ಮಳೆಗಾಲದಲ್ಲಿ ಕಪ್ಪುಮಣ್ಣು ಗಾಲಿ ಕಚ್ಚಿದರೆ ದಿನಗಟ್ಟಲೆ ಕದಲುವ ಹಾಗಿಲ್ಲ. ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆ ಮಾಡಿತ್ತು. ಆದರೆ ಕಾಡಿನ ಬಹುಭಾಗವನ್ನು ಕಾಯುತ್ತಿದ್ದದ್ದು ಕಾಯಿದೆಗಿಂತ ಕೆಟ್ಟ ದಾರಿಯೇ ಎಂದರೆ ತಪ್ಪಲ್ಲ.

ನಾಲ್ಕು ಗಾಲಿಗೂ ಬಲ

ಮೊದಲು ಬಂದ ಕಾರುಗಳು ಈ ಮಿತಿಯನ್ನು ಅರ್ಧ ಮಾತ್ರ ಮುರಿದವು. ಬೆಂಗಳೂರಿನ ಬೇಟೆಗಾರ-ಬರಹಗಾರ ಕೆನೆತ್ ಆಂಡರ್ಸನ್ (1910–1974) ತನ್ನ ಕಥನಗಳಲ್ಲಿ ಸ್ಟುಡ್‌ಬೇಕರ್ ಕಾರನ್ನು ನೆನೆಯುತ್ತಾನೆ. ಆದರೆ ಕಾರು ಹೋಗುವುದು ದಾರಿ ಇರುವ ತನಕ. ಇದರ ಕಾರಣ ಸರಳ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡೇ ಗಾಲಿಗಳಿಗೆ ಹೋಗುತ್ತದೆ. ಆ ಎರಡರಲ್ಲಿ ಒಂದು ಕೆಸರಿನಲ್ಲಿ ಜಾರಿದರೆ, ತಿರುವಿನಲ್ಲಿ ಗಾಲಿಗಳು ಬೇರೆಬೇರೆ ವೇಗದಲ್ಲಿ ಸುತ್ತಲೆಂದು ಇಟ್ಟಿರುವ ಹಲ್ಲುಗಾಲಿಗಳ ಏರ್ಪಾಡೇ ಶತ್ರುವಾಗುತ್ತದೆ. ಜಾರುವ ಗಾಲಿ ಸುಮ್ಮನೆ ಗಿರಗಿರನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಸುಮ್ಮನಿರುತ್ತದೆ.

ಇದಕ್ಕೆ ಉತ್ತರ ಬಂದದ್ದು ಯುದ್ಧದಿಂದ. 1940ರಲ್ಲಿ ಅಮೆರಿಕದ ಸೈನ್ಯ ಕಾಲು ಟನ್ ಹೊರುವ ಪುಟ್ಟ ವಾಹನ ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ 49 ದಿನಗಳಲ್ಲಿ ಮಾದರಿ ಕಟ್ಟಿಕೊಟ್ಟಿತು. ಆದರೆ ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ಹೊರಬಂದಿದ್ದವು. ಮುಂಗಾಲಿ–ಹಿಂಗಾಲಿಗಳ ನಡುವೆ 80 ಅಂಗುಲ, 60 ಅಶ್ವಶಕ್ತಿ, ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕ. ಬೇಕೆಂದಾಗ ನಾಲ್ಕು ಗಾಲಿಗೂ ಬಲ ಕೊಡುವ ಏರ್ಪಾಡಿನ ಜೊತೆಗೆ, ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಇನ್ನೊಂದು ಗೇರು. ಹಗುರ ದೇಹ, ಗಟ್ಟಿ ಕಾಲು. ಯಾವ ಹಳ್ಳಿಯ ಮೇಸ್ತ್ರಿಯೂ ಬಿಚ್ಚಿ ಕಟ್ಟಬಹುದಾದಷ್ಟು ಸರಳತೆ. ಹಳ್ಳಿಕಾರ್ ಎತ್ತಿನ ಲಕ್ಷಣಗಳು ಕಬ್ಬಿಣದಲ್ಲಿ ಮರುಹುಟ್ಟು ಪಡೆದಂತಿತ್ತು. ಆದರೆ ಇದು ದಣಿಯುತ್ತಿರಲಿಲ್ಲ.

ಯುದ್ಧಾನಂತರ ಸೈನ್ಯ ಮಾರಿದ ಹಳೆಯ ಜೀಪುಗಳು ಕೊಡಗು–ಮಲೆನಾಡಿನ ತೋಟಗಳನ್ನು ಸೇರಿದವು. 1949ರ ಜೂನ್ 3ರಂದು ಮುಂಬಯಿಯ ಮಜಗಾಂವ್‌ನಲ್ಲಿ ಮಹೀಂದ್ರ ಕಂಪನಿ ಬಿಡಿಭಾಗಗಳಿಂದ ಜೋಡಿಸಿದ ವಿಲ್ಲಿಸ್ ಜೀಪು ಹೊರಬಂತು. ಅಲ್ಲಿಂದ ಮುಂದೆ ಜೀಪು ಎಂಬುದು ನಮ್ಮ ಭಾಷೆಯ ಮಾತೇ ಆಯಿತು. ಅಮಲ್ದಾರರು, ಓವರ್‌ಸಿಯರ್, ಚುನಾವಣೆಯ ಅಭ್ಯರ್ಥಿ, ಕಾಫಿ ತೋಟದ ಸಾಹುಕಾರ, ಎಲ್ಲರಿಗೂ ಜೀಪೇ.

ಬೆಳಕಿನ ಬಲೆ

ಬೇಟೆಗಾರನ ಕೈಗೂ ಅದೇ ಜೀಪು ಸಿಕ್ಕಿತು. ಜೊತೆಗೆ ಬ್ಯಾಟರಿಗೆ ಹೊಂದಿಸಿದ ಪ್ರಖರ ದೀಪ. ರಾತ್ರಿ ಸಂಚರಿಸುವ ಅನೇಕ ಪ್ರಾಣಿಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಪದರವಿದೆ. ಕತ್ತಲಲ್ಲಿ ನೋಡಲು ಪ್ರಕೃತಿ ಕೊಟ್ಟ ಆ ಅನುಕೂಲವೇ ದೀಪದೆದುರು ಮೃತ್ಯುವಾಯಿತು. ಕಣ್ಣು ಕೆಂಡದಂತೆ ಹೊಳೆದು ಪ್ರಾಣಿ ಇರುವೆಡೆಯನ್ನು ತೋರಿಸಿಕೊಡುತ್ತದೆ. ಬೆಳಕಿಗೆ ಕಂಗೆಟ್ಟು ಅಲ್ಲೇ ನಿಂತುಬಿಡುತ್ತದೆ. ಜಾಡು ಹುಡುಕುವ, ಗಾಳಿಯ ದಿಕ್ಕು ನೋಡುವ, ಮರದ ಮೇಲೆ ರಾತ್ರಿಯಿಡೀ ಕಾಯುವ ವಿದ್ಯೆ ಯಾವುದೂ ಬೇಕಾಗಿರಲಿಲ್ಲ. ಸ್ಟೀರಿಂಗು ಹಿಡಿಯುವವನೊಬ್ಬ, ಕುದುರೆ ಎಳೆಯುವವನೊಬ್ಬ ಇದ್ದರೆ ಸಾಕು.

ಇದರ ಅತ್ಯಂತ ನೋವಿನ ದಾಖಲೆ ನಮ್ಮ ನಾಡಿನದಲ್ಲ. 1947ರಲ್ಲಿ, ಈಗ ಛತ್ತೀಸಗಢಕ್ಕೆ ಸೇರಿರುವ ಕೊರಿಯಾ ಸಂಸ್ಥಾನದಲ್ಲಿ, ಅಲ್ಲಿಯ ಅರಸ ರಾತ್ರಿ ವಾಹನದಲ್ಲಿ ಹೋಗುತ್ತಿದ್ದಾಗ ಕಣ್ಣಿಗೆ ಬಿದ್ದ ಮೂರು ಚೀತಾಗಳನ್ನು ಒಂದೇ ಕಡೆ ಹೊಡೆದದ್ದು ದಾಖಲಾಗಿದೆ. ಭಾರತದ ಕೊನೆಯ ಕಾಡು ಚೀತಾಗಳು ಅವೇ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. 1952ರಲ್ಲಿ ಚೀತಾ ದೇಶದಿಂದ ನಶಿಸಿತೆಂದು ಸರ್ಕಾರ ಸಾರಿತು. ಹುಲ್ಲುಗಾವಲು ಹೊಲವಾದದ್ದು, ಹಿಂದಿನಿಂದಲೂ ಹಿಡಿದು ಪಳಗಿಸಿದ್ದು, ಇವೆಲ್ಲ ಅದರ ಸಂತತಿಯನ್ನು ಮೊದಲೇ ತಿಂದುಹಾಕಿದ್ದವು. ಆದರೂ ಒಂದು ಕಾಲಕ್ಕೆ ಎತ್ತಿನಗಾಡಿಯ ಮೇಲೆ ಬೇಟೆಗೆ ಹೋಗುತ್ತಿದ್ದ ಪ್ರಾಣಿ, ಕೊನೆಗೆ ಗಾಡಿಯ ದೀಪದಲ್ಲಿ ಮುಗಿದುಹೋದದ್ದು ವಿಪರ್ಯಾಸ. 2022ರಲ್ಲಿ ಆಫ್ರಿಕದಿಂದ ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅದರ ಮೂಲ 17ನೆಯ ಕಲಮು, ಲೈಸೆನ್ಸು ಇದ್ದವನೂ ಮಾಡಬಾರದ ಕೆಲಸಗಳನ್ನು ಪಟ್ಟಿ ಮಾಡಿತ್ತು. ಗಾಲಿಯ ವಾಹನದಿಂದ ಬೇಟೆಯಾಡಬಾರದು. ಮೋಟಾರಿನಿಂದ ಪ್ರಾಣಿಗಳನ್ನು ಅಟ್ಟಬಾರದು. ಕೃತಕ ಬೆಳಕು ಬಳಸಬಾರದು. ರಾತ್ರಿ ಬೇಟೆ ಕೂಡದು. ಆ ಹಿಂದಿನ ಇಪ್ಪತ್ತೈದು ವರ್ಷಗಳಲ್ಲಿ ಜೀಪು ಏನು ಮಾಡಿತ್ತು ಎಂಬುದಕ್ಕೆ ಈ ಪಟ್ಟಿಗಿಂತ ಬೇರೆ ಸಾಕ್ಷಿ ಬೇಡ. 1991ರ ತಿದ್ದುಪಡಿ ಬೇಟೆಯ ಲೈಸೆನ್ಸನ್ನೇ ತೆಗೆದುಹಾಕಿದ್ದರಿಂದ ಆ ಕಲಮೂ ಹೋಯಿತು. ಅಪರಾಧಕ್ಕೆ ಬಳಸಿ ಸಿಕ್ಕಿಬಿದ್ದ ವಾಹನ ಸರ್ಕಾರದ ಸ್ವತ್ತಾಗುತ್ತದೆ ಎಂಬ 39ನೆಯ ಕಲಮು ಉಳಿದಿದೆ.

ಬಂಡೀಪುರದ ಚರಿತ್ರೆಯೂ ಇದೇ ತಿರುವಿನದು. ಮಹಾರಾಜರ ಬೇಟೆಯ ಕಾಡು 1941ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನದ ಭಾಗವಾಯಿತು, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆದು, ಆ ನೆಲದ ಒಂದು ಭಾಗ ಕಬಿನಿ ಜಲಾಶಯದಲ್ಲಿ ಮುಳುಗಿತು. ಬೇಟೆಗೆ ಹೋಗುತ್ತಿದ್ದ ಜೀಪಿನಲ್ಲೇ ಈಗ ಅರಣ್ಯ ರಕ್ಷಕರು ಗಸ್ತು ತಿರುಗುತ್ತಾರೆ. ಕಬಿನಿಯಲ್ಲಿ ಪ್ರವಾಸಿಗರು ಕೋವಿಯ ಬದಲು ಕ್ಯಾಮೆರಾ ಹಿಡಿದು ಕೂರುತ್ತಾರೆ.

ಹಾಗಾದರೆ ಯಾವುದನ್ನು ಕೊಳ್ಳುವುದು?

ಬೇಟೆ ಹೋದರೂ ಕೆಟ್ಟ ದಾರಿ ಹೋಗಿಲ್ಲ. ತೋಟಕ್ಕೆ ಗೊಬ್ಬರ, ಸಂತೆಗೆ ಬಾಳೆಗೊನೆ, ಜಾತ್ರೆಗೆ ಎತ್ತು ಸಾಗಿಸುವವರಿಗೆ ಪಿಕಪ್ ಬೇಕೇಬೇಕು. 1980ರ ದಶಕದ ಕೊನೆಗೆ ಟಾಟಾ 207, ಬಳಿಕ ಬೊಲೆರೊ ಪಿಕಪ್, ಇತ್ತೀಚೆಗೆ ಇಸುಜು ಡಿ-ಮ್ಯಾಕ್ಸ್, 2022ರಲ್ಲಿ ಬಿಡದಿಯ ಕಾರ್ಖಾನೆಯಿಂದ ಟೊಯೋಟ ಹೈಲಕ್ಸ್ ಹೀಗೆ ಆಯ್ಕೆಗಳು ಬೆಳೆದಿವೆ.

ಕೊಳ್ಳುವವರು ಮುಡುಕುತೊರೆಯ ರೈತನ ಕ್ರಮವನ್ನೇ ಅನುಸರಿಸಬಹುದು. ಮೊದಲು ಕಾಲು: ನಾಲ್ಕು ಗಾಲಿಗೂ ಬಲವಿದೆಯೇ, ತಗ್ಗಿನ ಗೇರು ಇದೆಯೇ? ಹೆಚ್ಚಿನ ಸರಕು ಪಿಕಪ್‌ಗಳಲ್ಲಿ ಹಿಂಗಾಲಿಗಳಿಗೆ ಮಾತ್ರ ಬಲ. ಒಣದಾರಿಗೆ ಅದು ಸಾಕು; ಖಾಲಿ ಗಾಡಿ ಮಳೆಯಲ್ಲಿ ಏರು ಹತ್ತಬೇಕಾದಾಗ, ಹಿಂದೆ ಭಾರವಿಲ್ಲದೆ ಗಾಲಿ ಜಾರುತ್ತದೆ. ಆಮೇಲೆ ಹೊಟ್ಟೆ: ನೆಲದಿಂದ ಎಷ್ಟು ಎತ್ತರ, ಕಲ್ಲು ತಾಗುವ ಭಾಗ ಯಾವುದು? ಆಮೇಲೆ ಬೆನ್ನು: ಬೇರೆಯಾದ ಗಟ್ಟಿ ಚಾಸಿಸ್ ಇದೆಯೇ, ಹಿಂದಿನ ಕಮಾನು ಪಟ್ಟಿಗಳು ಎಷ್ಟು ಭಾರ ತಡೆದಾವು? ಆಮೇಲೆ ಉದ್ದ: ಉದ್ದನೆಯ ಗಾಡಿ ಭಾರ ಹೊರುತ್ತದೆ, ಆದರೆ ತೋಟದ ಇಕ್ಕಟ್ಟು ತಿರುವಿನಲ್ಲಿ ಒದ್ದಾಡುತ್ತದೆ. ಕೊನೆಗೆ ಮೇವು: ಡೀಸೆಲ್ ಖರ್ಚೆಷ್ಟು, ಹತ್ತಿರದ ಊರಿನಲ್ಲಿ ರಿಪೇರಿ ಮಾಡುವವರಿದ್ದಾರೆಯೇ? ಎಲ್ಲ ಆದ ಮೇಲೆ, ನಮ್ಮ ದಾರಿಯಲ್ಲೇ, ನಮ್ಮ ಭಾರ ಹೇರಿ ನಡೆಸಿ ನೋಡಬೇಕು.

ಇನ್ನು ಹಳಬರ ಗಾಡಿಗೆ ತಾನಾಗಿಯೇ ಇದ್ದ ಒಂದು ಗುಣ ಈಗಿನ ಯಾವ ವಾಹನಕ್ಕೂ ಇಲ್ಲ: ಸಂಜೆಗೆ ನಿಲ್ಲುವುದು. ಅದನ್ನು ನಾವೇ ಕಾನೂನಾಗಿ ಬರೆಯಬೇಕಾಯಿತು. ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿ ಬಂಡೀಪುರದೊಳಗೆ ಹೋಗುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ, 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕೋವಿಯಿಲ್ಲದ ಗಾಡಿಯೂ ಕೊಲ್ಲಬಲ್ಲದು ಎಂಬುದನ್ನು ಆ ತೀರ್ಪು ಒಪ್ಪಿಕೊಂಡಂತಾಯಿತು. ವ್ಯಾಪಾರಕ್ಕೆ ತೊಂದರೆಯೆಂದು ಇದಕ್ಕೆ ವಿರೋಧವೂ ಬಂದಿದೆ.

ಎತ್ತು ಕೊಳ್ಳುವವನು ಹಲ್ಲು, ಸುಳಿ, ಗೊರಸುಗಳ ಜೊತೆಗೆ ಇನ್ನೊಂದು ವಿಚಾರ ಕೇಳದೆ ಬಿಡುವುದಿಲ್ಲ: ‘ಹೋ ಅಂದ್ರೆ ನಿಲ್ತದಾ?’ ಪಿಕಪ್ ಕೊಳ್ಳುವಾಗ ಆ ಮಾತನ್ನು ವಾಹನಕ್ಕಲ್ಲ, ಸ್ಟೀರಿಂಗಿನ ಹಿಂದೆ ಕೂರುವವರಿಗೆ ಕೇಳಬೇಕು.